ಖುಷಿಯ ಸುದ್ದಿ ಮನೆಗೆ ಹೇಳದ ಶಿಕ್ಷಕಿ

ಕೊಲ್ಲಿ ದೇಶಗಳಿಗೋ ಮಾಲ್ಡೀವ್ಸ್‌ಗೋ ಪಾಠ ಹೇಳಲು ಹೋದ ಹೆಣ್ಣುಮಕ್ಕಳ ಮನೆಯವರು ದಾವಣಗೆರೆಯಲ್ಲಿರುವ ನನ್ನ ಆಪ್ತಸಲಹೆಯ ಕೊಠಡಿಗೆ ಬರುವುದು ಈಚಿನ ವರ್ಷಗಳಲ್ಲಿ ಹೆಚ್ಚಾಗಿದೆ. ಹೋದವರು ದೂರದಲ್ಲಿರುತ್ತಾರೆ, ಬರುವವರು ತಾಯಿ, ಅತ್ತೆ, ಅಪರೂಪಕ್ಕೆ ಅಣ್ಣ. ಎಲ್ಲರ ದೂರೂ ಹೆಚ್ಚುಕಮ್ಮಿ ಒಂದೇ. "ದಿನಾ ಫೋನಲ್ಲಿ ಅಳ್ತಾಳ್ರಿ. ಹಂಗಾದ್ರೆ ಬಾ ಅಂದ್ರೆ ಬರಲ್ಲ ಅಂತಾಳೆ." ಈ ಎರಡು ವಾಕ್ಯ ಒಟ್ಟಿಗೆ ನಿಲ್ಲುವುದು ಹೇಗೆ ಅನ್ನುವುದು ಮನೆಯವರಿಗೆ ತಿಳಿಯುವುದಿಲ್ಲ. ಕಷ್ಟ ಅಂದರೆ ಬಿಟ್ಟು ಬರಬೇಕು, ಬರುವುದಿಲ್ಲ ಅಂದರೆ ಅಳಬಾರದು ಎಂಬುದು ಅವರ ಲೆಕ್ಕ. ಚಿಕ್ಕ ಮಕ್ಕಳಿಗೆ ಪಾಠ ಹೇಳಿದ ಯಾರನ್ನೇ ಕೇಳಿ, ಆ ಕೆಲಸದಲ್ಲಿ ಹತ್ತು ಗಂಟೆಗೆ ಸ್ವರ್ಗ, ಹತ್ತೂಕಾಲಿಗೆ ನರಕ. ಅದು ದಾವಣಗೆರೆಯಲ್ಲೂ ಹಾಗೇ, ಸಮುದ್ರದ ನಡುವೆಯೂ ಹಾಗೇ. ವ್ಯತ್ಯಾಸ ಅಂದರೆ, ಇಲ್ಲಿದ್ದರೆ ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಅರ್ಧ ಮರೆತಿರುತ್ತದೆ. ಅಲ್ಲಿದ್ದರೆ ಅದನ್ನು ಫೋನಿನಲ್ಲಿ ಹೇಳಬೇಕು, ಹೇಳುವಾಗ ಯಾವ ಅರ್ಧವನ್ನು ಹೇಳಬೇಕು ಅಂತ ಆರಿಸಬೇಕು.

ಆ ಆಯ್ಕೆಯ ಬಗ್ಗೆಯೇ ಈ ಪ್ರಕರಣ. ಶಿಕ್ಷಕಿ, ಅವರ ತಾಯಿ ಇಬ್ಬರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ, ಹೆಸರು ಹಾಕಿಲ್ಲ.

ಶಿಕ್ಷಕಿಗೆ ಮೂವತ್ತು ದಾಟಿದೆ. ಡಿ.ಎಡ್., ಆಮೇಲೆ ಪದವಿ. ಜಗಳೂರು ಕಡೆಯ ಸರ್ಕಾರಿ ಶಾಲೆಯಲ್ಲಿ ಕೆಲವು ವರ್ಷ ಅತಿಥಿ ಶಿಕ್ಷಕಿ, ನಂತರ ದಾವಣಗೆರೆಯ ಖಾಸಗಿ ಶಾಲೆಯಲ್ಲಿ ಒಂದನೇ ತರಗತಿ. 2022ರಲ್ಲಿ ಸರ್ಕಾರ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗೆ ಅರ್ಜಿ ಕರೆದಾಗ ಪರೀಕ್ಷೆ ಬರೆದರು, ಆಗಲಿಲ್ಲ. ಗಂಡನ ಮನೆಯ ಹೊಲದಲ್ಲಿ ಒಂದಾದ ಮೇಲೊಂದು ಬೋರ್ ಕೊರೆಸಿ ಸಾಲ ಏರಿತ್ತು. ಮಾಲ್ಡೀವ್ಸ್‌ನ ಒಂದು ಸಣ್ಣ ದ್ವೀಪದ ಶಾಲೆಯಲ್ಲಿ ಕೆಲಸ ಸಿಕ್ಕಿತು. ಆರು ವರ್ಷದ ಮಗನನ್ನು ದಾವಣಗೆರೆಯಲ್ಲಿ ತಾಯಿಯ ಹತ್ತಿರ ಬಿಟ್ಟು ಹೋದರು. ಗಂಡ ಊರಲ್ಲಿ, ವಾರಕ್ಕೊಮ್ಮೆ ಬಂದು ಮಗನನ್ನು ನೋಡಿಕೊಂಡು ಹೋಗುತ್ತಾರೆ. ಹಿನ್ನೆಲೆ ಇಷ್ಟು ಸಾಕು.

ಮೊದಲು ಬಂದವರು ತಾಯಿ. ಮೊಬೈಲಿನಲ್ಲಿ ಒಂದು ಫೋಟೊ ತೋರಿಸಿದರು. ಅಡುಗೆಮನೆ ಗೋಡೆಯ ಬ್ಯಾಂಕಿನ ಕ್ಯಾಲೆಂಡರು. ಮಗಳು ಅತ್ತ ದಿನಕ್ಕೆಲ್ಲ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದರು. ಹಾಲಿನ ಲೆಕ್ಕ ಬರೆದಿದ್ದ ಪುಟದಲ್ಲೇ, ಲೀಟರಿನ ಅಂಕಿಗಳ ಪಕ್ಕದಲ್ಲೇ ಆ ಸುತ್ತುಗಳು. ತಿಂಗಳಲ್ಲಿ ಸುತ್ತಿಲ್ಲದ ದಿನ ಹುಡುಕಬೇಕಿತ್ತು. "ನೋಡ್ರಿ ಮೇಡಂ, ಒಂದಿನಾನೂ ಸುಖವಾಗಿಲ್ಲ ನನ್ನ ಮಗಳು. ನೀವು ಫೋನ್ ಮಾಡಿ ಬಂದ್ಬಿಡು ಅಂತ ಹೇಳ್ರಿ. ನಿಮ್ಮ ಮಾತು ಕೇಳ್ತಾಳೆ."

ನಾನು ಯಾರಿಗೂ ಬಾ ಅಂತಲೋ ಇರು ಅಂತಲೋ ಹೇಳುವುದಿಲ್ಲ, ಮಗಳು ತಾನಾಗಿ ಮಾತಾಡಲು ಒಪ್ಪಿದರೆ ಮಾತ್ರ ಮಾತಾಡುತ್ತೇನೆ ಅಂದೆ. ಅವರಿಗೆ ಬೇಜಾರಾಯಿತು. ಫೀಸು ಕೊಟ್ಟವರು ನಾವು, ಕೆಲಸ ಮಾತ್ರ ಆಗಲಿಲ್ಲ ಅನ್ನುವ ಮುಖ. ಆದರೆ ಏಳುವ ಮುಂಚೆ ಒಂದು ಮಾತು ಹೇಳಿದರು, ಅದಕ್ಕಾಗಿಯೇ ನಾನು ಈ ಪ್ರಕರಣವನ್ನು ಬೇಗ ಎತ್ತಿಕೊಂಡೆ. ಮೊಮ್ಮಗ ಒಂದು ಬೆಳಗ್ಗೆ ಸ್ಕೂಲಿಗೆ ಹೋಗಲ್ಲ ಅಂತ ಹಟ ಹಿಡಿದನಂತೆ. ಯಾಕೋ ಅಂದರೆ, "ನಾನ್ ಸ್ಕೂಲಿಗೆ ಹೋಗ್ದಿದ್ರೆ ಫೀಸ್ ಬೇಡ. ಫೀಸ್ ಬೇಡ ಅಂದ್ರೆ ಅಮ್ಮ ಅಳೋದು ಬೇಡ."

ಅಜ್ಜಿ ಫೋನನ್ನು ಸ್ಪೀಕರಿಗೆ ಹಾಕಿ ಮಾತಾಡುತ್ತಿದ್ದರು. ಮಗು ಅಲ್ಲೇ ಕೂತು ಹೋಂವರ್ಕ್ ಬರೆಯುತ್ತಿತ್ತು. ಎಲ್ಲ ಕೇಳಿಸಿಕೊಂಡಿತ್ತು.

ಶಿಕ್ಷಕಿ ಒಪ್ಪಿದರು. ಅವರ ಜೊತೆಗಿನ ಮೊದಲ ಮಾತುಕತೆಗಳಲ್ಲಿ ದಿನದ ಚಿತ್ರ ಸಿಕ್ಕಿತು. ಬೆಳಗ್ಗೆ ಬೇಗ ಶಾಲೆ. ಶಾಲೆಯಲ್ಲಿ ದಿವೇಹಿ ಮತ್ತು ಇಸ್ಲಾಂ ವಿಷಯ ಬಿಟ್ಟು ಉಳಿದದ್ದೆಲ್ಲ ಇಂಗ್ಲಿಷಿನಲ್ಲಿ, ಮಕ್ಕಳ ಮನೆಮಾತು ದಿವೇಹಿ. ಬಲದಿಂದ ಎಡಕ್ಕೆ ಬರೆಯುವ ದಿವೇಹಿಯ ಥಾನಾ ಲಿಪಿಗೆ ಹೊಂದಿಕೊಂಡ ಕೈಗಳು ಇಂಗ್ಲಿಷನ್ನು ಎಡದಿಂದ ಬಲಕ್ಕೆ ಬರೆಯಬೇಕು, ಒಂದನೇ ತರಗತಿಯಲ್ಲಿ ಕೆಲವರು ಸಾಲಿನ ಯಾವ ತುದಿಯಿಂದ ಶುರು ಮಾಡಬೇಕು ಅಂತ ಪೆನ್ಸಿಲ್ ಹಿಡಿದು ಯೋಚಿಸುತ್ತಾರೆ. ಇವರಿಗೂ ಇಂಗ್ಲಿಷ್ ಮನೆಮಾತಲ್ಲ, ಅವರಿಗೂ ಅಲ್ಲ. ಮಕ್ಕಳು ತಮ್ಮ ಭಾಷೆಯಲ್ಲಿ ಏನೋ ಹೇಳಿ ನಕ್ಕರೆ ತನ್ನನ್ನೇ ನೋಡಿ ನಕ್ಕರು ಅನ್ನಿಸುತ್ತಿತ್ತು. (ಆಮೇಲೆ ಗೊತ್ತಾಯಿತು, ಒಬ್ಬ ಹುಡುಗಿಯ ಹೆಸರನ್ನು ಇವರು ಉಚ್ಚರಿಸುತ್ತಿದ್ದ ರೀತಿಗೆ ನಗು. ಸರಿಯಾದ ಉಚ್ಚಾರಣೆಯನ್ನು ಆ ಹುಡುಗಿಯಿಂದಲೇ ಹೇಳಿಸಿಕೊಂಡ ಮೇಲೆ ಆ ನಗು ನಿಂತಿತು, ಬೇರೆ ನಗು ಶುರುವಾಯಿತು. ಒಂದನೇ ತರಗತಿ ಅಂದರೆ ಹಾಗೇ.) ಪಾಲಕರ ವೈಬರ್ (ವಾಟ್ಸಾಪಿನಂಥದೇ ಆ್ಯಪ್) ಗುಂಪಿನಲ್ಲಿ ನೀರಿನ ಬಾಟಲಿ ಕಳೆದುಹೋದದ್ದರಿಂದ ಹಿಡಿದು ಅಕ್ಷರ ಗುಂಡಗಿಲ್ಲ ಅನ್ನುವವರೆಗೆ ಸಂದೇಶಗಳು. ವಾರದ ಪಾಠ ಯೋಜನೆ, ಲೀಡಿಂಗ್ ಟೀಚರ್, ಅಂದರೆ ಮೇಲಿನ ಶಿಕ್ಷಕರು, ಬಂದು ಹಿಂದೆ ಕೂತು ನೋಡುವ ಪೀರಿಯಡ್ಡು.

ಊಟದ್ದು ಬೇರೆ ಕಥೆ. ಮೀನಿಲ್ಲದ ಊಟ ಅಲ್ಲಿ ಊಟವೇ ಅಲ್ಲ, ಬೆಳಗಿನ ತಿಂಡಿಗೂ ಟ್ಯೂನಾ ಮೀನು, ಕಾಯಿತುರಿ, ಈರುಳ್ಳಿ ಕಲಸಿದ ಮಾಸ್ ಹುನಿ. ಇವರು ಮೊಟ್ಟೆಯನ್ನೂ ಮುಟ್ಟದ ಮನೆಯವರು. ತರಕಾರಿ ದೋಣಿಯಲ್ಲಿ ಬರಬೇಕು. ಮುಂಗಾರಿನಲ್ಲಿ ಸಮುದ್ರ ಎದ್ದರೆ ದೋಣಿ ತಡ, ಟೊಮೆಟೊ ಮುಗಿದರೆ ಮುಗಿಯಿತು. ತೆಂಗಿನಕಾಯಿಗೆ ಮಾತ್ರ ಬರವಿಲ್ಲ. ರೂಮಿನ ಜೊತೆಗಾರ್ತಿ ಕೇರಳದ ಶಿಕ್ಷಕಿ, ಒಳ್ಳೆಯವಳು, ಆದರೆ ಒಂದೇ ಒಲೆ.

ಇವೆಲ್ಲ ನಿಜವಾದ ಕಷ್ಟಗಳೇ. ಆದರೆ ಹೇಳುವಾಗ ಅವರ ದನಿಯಲ್ಲಿ ಕ್ಯಾಲೆಂಡರಿನ ಅಷ್ಟು ಕೆಂಪಿಗೆ ತಕ್ಕ ದುಃಖ ಕಾಣಲಿಲ್ಲ. ನಿದ್ದೆ, ಹಸಿವು, ಕೆಲಸದ ಮೇಲಿನ ಗಮನ, ಬದುಕು ಬೇಡ ಅನ್ನುವ ಯೋಚನೆ, ಇವನ್ನೆಲ್ಲ ನಾನು ಮೊದಲ ದಿನವೇ ನೇರವಾಗಿ ಕೇಳುತ್ತೇನೆ. ನಿದ್ದೆ ಸರಿಯಿತ್ತು. ಬೆಳಗ್ಗೆ ಎದ್ದು ಹೋಗಲು ಮನಸ್ಸಿರುತ್ತಿತ್ತು. ಅಳು ಬರುತ್ತಿದ್ದದ್ದು ಸಂಜೆ ಫೋನ್ ಮಾಡುವಾಗ ಮಾತ್ರ.

ಹಾಗಾಗಿ ತಾಯಿ ಮಗಳು ಇಬ್ಬರನ್ನೂ ಒಟ್ಟಿಗೆ ಕೂರಿಸಬೇಕು ಅನ್ನಿಸಿತು. ದಿನ ಗೊತ್ತು ಮಾಡುವುದೇ ಒಂದು ಕೆಲಸವಾಯಿತು. ಮಾಲ್ಡೀವ್ಸ್‌ನಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಭಾನುವಾರ ಅವರಿಗೆ ನಮ್ಮ ಸೋಮವಾರದ ಹಾಗೆ ವಾರದ ಮೊದಲ ಕೆಲಸದ ದಿನ. ಮಗನಿಗೆ ಶನಿವಾರ ಬೆಳಗ್ಗೆ ಶಾಲೆ, ಭಾನುವಾರ ರಜೆ. ಅಂದರೆ ಅಮ್ಮ, ಮಗ ಇಬ್ಬರಿಗೂ ಬಿಡುವಿರುವುದು ಇಡೀ ವಾರದಲ್ಲಿ ಶನಿವಾರ ಮಧ್ಯಾಹ್ನದಿಂದ ರಾತ್ರಿವರೆಗೆ ಮಾತ್ರ. ಇದನ್ನು ಮೂವರೂ ಅನುಭವಿಸುತ್ತಿದ್ದರು, ಆದರೆ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. "ಭಾನುವಾರ ಕೂಡ ಮಗನ ಜೊತೆ ಎರಡು ನಿಮಿಷ ಮಾತಾಡಲ್ಲ" ಅನ್ನುವುದು ಅಜ್ಜಿಯ ದೂರಿನ ಪಟ್ಟಿಯಲ್ಲಿ ಮೇಲೆಯೇ ಇತ್ತು.

ಶನಿವಾರ ಮಧ್ಯಾಹ್ನ ಎರಡೂವರೆಗೆ ಕೂತೆವು, ಅಲ್ಲಿ ಗಡಿಯಾರ ಅರ್ಧ ಗಂಟೆ ಹಿಂದೆ. ತಾಯಿ ನನ್ನ ಎದುರು, ಮಗಳು ಲ್ಯಾಪ್‌ಟಾಪಿನ ಪರದೆಯಲ್ಲಿ. ಮಗನನ್ನು ಪಕ್ಕದ ಮನೆಯಲ್ಲಿ ಬಿಟ್ಟು ಬರಲು ಹೇಳಿದ್ದೆ. ಕ್ಯಾಲೆಂಡರಿನ ಹಾಳೆಯನ್ನೇ ತರಿಸಿದ್ದೆ.

ನಾನು ಸುತ್ತು ಬಿದ್ದಿದ್ದ ಒಂದು ಮಂಗಳವಾರದ ಮೇಲೆ ಬೆರಳಿಟ್ಟು, ಈ ದಿನ ಬೆಳಗ್ಗೆ ಎದ್ದಾಗಿನಿಂದ ಒಂದೊಂದು ಪೀರಿಯಡ್ಡೂ ಬಿಡದೆ ಹೇಳಿ ಅಂದೆ. ಒಳ್ಳೆಯದು ಕೆಟ್ಟದ್ದು ಅಂತ ಸೋಸಬೇಡಿ, ನಡೆದದ್ದು ಹೇಳಿ. ಅವರು ಪಾಠ ಯೋಜನೆಯ ಪುಸ್ತಕ ತಂದು ಆ ದಿನದ ಪುಟ ತೆಗೆದರು. ಮೊದಲ ಪೀರಿಯಡ್ ಇಂಗ್ಲಿಷು. ಆಮೇಲೆ ಗಣಿತ. ಗಣಿತಕ್ಕೆ ಬಂದಾಗ ಸುಮ್ಮನಾದರು.

"ಗಣಿತದಲ್ಲಿ ಏನಾಯ್ತು?"

"ಏನಿಲ್ಲ ಮೇಡಂ. ಚೌಕಾಬಾರ ಆಡಿಸಿದೆ."

ತಾಯಿ ತಲೆ ಎತ್ತಿದರು. "ಎಲ್ಲಿ? ಅಲ್ಲಾ?"

ಆಮೇಲೆ ಕಥೆ ಬಂತು. ಮಕ್ಕಳಿಗೆ ಕೂಡುವುದು ಬೆರಳಲ್ಲಿ ಬರುತ್ತಿತ್ತು, ಮನಸ್ಸಿನಲ್ಲಿ ಬರುತ್ತಿರಲಿಲ್ಲ. ಆ ದ್ವೀಪದಲ್ಲಿ ಕವಡೆಗೆ ಏನು ಕೊರತೆ? ಒಂದು ಕಾಲಕ್ಕೆ ಬಂಗಾಳದಲ್ಲೂ ಆಫ್ರಿಕಾದಲ್ಲೂ ನಾಣ್ಯವಾಗಿ ಚಲಾವಣೆಯಾದ ಕವಡೆ ಹೆಚ್ಚಾಗಿ ಮಾಲ್ಡೀವ್ಸ್‌ನಿಂದಲೇ ಹೋಗುತ್ತಿತ್ತು. ಮಕ್ಕಳು ದಡದಲ್ಲಿ ಆರಿಸಿಟ್ಟುಕೊಂಡವು ಪ್ರತಿ ಮನೆಯಲ್ಲೂ ಇದ್ದವು. ಇವರು ತರಗತಿಯ ನೆಲದ ಮೇಲೆ ಸುಣ್ಣದ ಕಡ್ಡಿಯಲ್ಲಿ ಐದೈದು ಮನೆ ಬರೆದರು, ಕಟ್ಟೆಗಳಿಗೆ ಅಡ್ಡಗೀಟು ಎಳೆದರು. ಕಾಯಿಗೆ ಪೆನ್ಸಿಲ್ ರಬ್ಬರು, ಬಾಟಲಿ ಮುಚ್ಚಳ. ನಾಲ್ಕೂ ಕವಡೆ ಅಂಗಾತ ಬಿದ್ದರೆ ನಾಲ್ಕು, ನಾಲ್ಕೂ ಬೋರಲು ಬಿದ್ದರೆ ಎಂಟು, ಎಂಟು ಬಿದ್ದವರಿಗೆ ಇನ್ನೊಂದು ಆಟ. ಸರ್ಕಾರಿ ಶಾಲೆಯ ನಲಿಕಲಿ ಪದ್ಧತಿಯಲ್ಲಿ ಅಭ್ಯಾಸವಾದ ಹಾಗೆ ಮಕ್ಕಳನ್ನು ಗುಂಪು ಮಾಡಿ, ಒಂದು ಗುಂಪಿಗೆ ತಾನು ಕೂತು, ಇನ್ನೊಂದು ಗುಂಪು ತಾವೇ ಆಡುವಂತೆ ಮಾಡಿದರು.

ಒಬ್ಬ ಹುಡುಗ ಅಲ್ಲಿಯವರೆಗೆ ತರಗತಿಯಲ್ಲಿ ಇಂಗ್ಲಿಷಿನಲ್ಲಿ ಒಂದು ಮಾತೂ ಆಡಿದವನಲ್ಲ. ಅವನ ಕೈಯಿಂದ ನಾಲ್ಕೂ ಬೋರಲು ಬಿದ್ದವು. "ಏಟ್, ಮಿಸ್! ಏಟ್!" ಅಂತ ಕೂಗಿ, ಇವರ ಕೈ ಹಿಡಿದು ಎಳೆದು ತೋರಿಸಿದನಂತೆ. ಆಮೇಲೆ ಮತ್ತೆ ಎಂಟು. ಹದಿನಾರು ಅಂತ ಯಾರೂ ಕೇಳದೆಯೇ ಹೇಳಿದ. ಪೀರಿಯಡ್ ಮುಗಿದರೂ ಮಕ್ಕಳು ಏಳಲಿಲ್ಲ. ಪಕ್ಕದ ತರಗತಿಯ ಸ್ಥಳೀಯ ಶಿಕ್ಷಕಿ ಬಾಗಿಲಲ್ಲಿ ನಿಂತು ನೋಡಿ, ನಾಳೆ ನನ್ನ ಮಕ್ಕಳಿಗೂ ಬರೆದುಕೊಡು ಅಂದಳಂತೆ.

ಇದನ್ನು ಹೇಳುವಾಗ ಶಿಕ್ಷಕಿ ನಗುತ್ತಿದ್ದರು, ಕೈಯಲ್ಲಿ ಕವಡೆ ಕುಲುಕುವ ಹಾಗೆ ಮಾಡಿ ತೋರಿಸಿದರು. ನಾನು ಅವರನ್ನು ಹಾಗೆ ನೋಡಿದ್ದು ಅದೇ ಮೊದಲು. ತಾಯಿಯ ಮುಖ ಮಾತ್ರ ಗಂಟಾಗುತ್ತಾ ಹೋಯಿತು. ಕ್ಯಾಲೆಂಡರಿನ ಹಾಳೆ ತೆಗೆದುಕೊಂಡು ಪರದೆಗೆ ಹಿಡಿದರು.

"ಅವತ್ತು ಅತ್ತಿದ್ದೆ ನೀನು. ಇಲ್ಲಿ ಬರೆದೀನಿ ನೋಡು."

"ಅತ್ತೆ ಅಮ್ಮ. ಅದು ಸಂಜೆ."

"ಚೌಕಾಬಾರದ ವಿಷಯ ಯಾಕೆ ಹೇಳ್ಲಿಲ್ಲ? ವೈಬರ್‌ನಾಗೆ ಯಾರೋ ನೆಲದ ಮೇಲೆ ಕೂರಿಸ್ತಾರೆ ಅಂತ ಬೈದ್ರು ಅಂದೆ. ಟೊಮೆಟೊ ಇಲ್ಲ ಅಂದೆ. ರಾತ್ರಿಯೆಲ್ಲ ನಿದ್ದೆ ಇಲ್ಲ ನಂಗೆ ಅವತ್ತು. ಇದನ್ಯಾಕೆ ಹೇಳ್ಲಿಲ್ಲ?"

ಶಿಕ್ಷಕಿ ತಕ್ಷಣ ಉತ್ತರ ಕೊಡಲಿಲ್ಲ. ನಾನೂ ಬಾಯಿ ಹಾಕಲಿಲ್ಲ. ಆಮೇಲೆ ಹೇಳಿದರು:

"ಚೆನ್ನಾಗಿದೀನಿ ಅಂದ್ರೆ, ಮಗು ಬಿಟ್ಟು ಹೋಗಿ ಹೆಂಗೆ ಚೆನ್ನಾಗಿರ್ತಾಳೆ ಅಂತೀರ. ಅತ್ರೆ ಯಾರೂ ಏನೂ ಅನ್ನಲ್ಲ."

"ನಾನ್ ಯಾವಾಗ ಹಂಗಂದೆ?" ಅಂತ ತಾಯಿ ಕೇಳಿದರು. ಜೋರಾಗಿಯೇ ಕೇಳಿದರು. ಮಗಳು ವಾಟ್ಸಾಪ್ ತೆರೆದು ಓದಿದರು. ಹೋದ ಹೊಸದರಲ್ಲಿ, ಅಕ್ಟೋಬರ್ 5ರ ಶಿಕ್ಷಕರ ದಿನದಂದು ಮಕ್ಕಳು ಕೊಟ್ಟ ಕಾರ್ಡು, ಕಾಗದದ ಹೂವಿನ ಫೋಟೊ ಕಳಿಸಿದ್ದರು. ಅದಕ್ಕೆ ತಾಯಿಯ ಉತ್ತರ: "ಚೆಂದ ಐತೆ. ನಿನ್ ಮಗ ಇಲ್ಲಿ ಒಬ್ಬನೇ ಕೂತು ಬರೀತಿದಾನೆ." ಅಷ್ಟೇ. ಆ ತಾಯಿ ಕೆಟ್ಟ ಮನಸ್ಸಿನಿಂದ ಬರೆದದ್ದಲ್ಲ ಅಂತ ನಾನು ಈಗಲೂ ನಂಬುತ್ತೇನೆ. ಮೊಮ್ಮಗ ಎದುರಿಗೆ ಕೂತಿದ್ದ, ಕಂಡದ್ದು ಬರೆದರು. ಆದರೆ ಆಮೇಲೆ ಮಗಳು ಒಂದು ಫೋಟೊವನ್ನೂ ಕಳಿಸಿರಲಿಲ್ಲ.

ಇನ್ನೂ ಒಂದು ಮಾತು ಹೇಳಿದರು. ತರಗತಿ ಚೆನ್ನಾಗಿ ಆದ ದಿನವೇ ಸಂಜೆ ಹೆಚ್ಚು ಅಳು ಬರುತ್ತದೆ. ಬೇರೆಯವರ ಮಕ್ಕಳ ಮೂಗು ಒರೆಸಿ, ಶೂ ಲೇಸು ಕಟ್ಟಿ, ಅಕ್ಷರ ತಿದ್ದಿಸಿ ರೂಮಿಗೆ ಬಂದರೆ, ತನ್ನ ಮಗನಿಗೆ ಯಾರು ಮಾಡುತ್ತಿದ್ದಾರೆ ಅನ್ನಿಸುತ್ತದೆ. ಆ ಅಳುವಿಗೆ ಒಂದು ಕಾರಣ ಕೊಡಬೇಕಲ್ಲ, ಆಗ ಟೊಮೆಟೊ ಕೈಗೆ ಸಿಗುತ್ತದೆ.

ಇಲ್ಲಿಯವರೆಗೆ ಪ್ರಕರಣ. ಇನ್ನು ಕೊಟ್ಟ ಸಲಹೆ, ಯಾಕೆ ಕೊಟ್ಟೆ ಅನ್ನುವುದು.

ಮೊದಲನೆಯದಾಗಿ, ವಾಪಸ್ ಬರುವ ಇಲ್ಲವೇ ಅಲ್ಲೇ ಇರುವ ವಿಷಯವನ್ನು ಸಂಜೆಯ ಫೋನಿನಲ್ಲಿ ಎತ್ತಬಾರದು, ಎರಡೂ ಕಡೆಯವರೂ. ಅದಕ್ಕೆ ಒಂದು ತಾರೀಕು ಗೊತ್ತು ಮಾಡಿ ಅಂದೆ. ಒಪ್ಪಂದ ಮುಂದುವರಿಸುವ ಪತ್ರ ಯಾವಾಗ ಕೊಡಬೇಕೋ ಅದಕ್ಕೆ ಒಂದು ತಿಂಗಳು ಮುಂಚೆ ಕೂತು, ಸಾಲದ ಲೆಕ್ಕ, ಮಗನ ಶಾಲೆ, ಅಮ್ಮನ ಆರೋಗ್ಯ ಎಲ್ಲ ಹಾಳೆಯ ಮೇಲೆ ಬರೆದು ತೀರ್ಮಾನಿಸಿ. ಪ್ರಾಥಮಿಕ ಶಾಲೆಯ ಶಿಕ್ಷಕಿ ಬೆಳಗ್ಗೆಯಿಂದ ತಾಳ್ಮೆಯನ್ನೆಲ್ಲ ಮಕ್ಕಳಿಗೆ ಕೊಟ್ಟು ಬರಿಗೈಯಲ್ಲಿ ಮನೆಗೆ ಬರುತ್ತಾಳೆ. ಆ ಹೊತ್ತಿನಲ್ಲಿ ಬದುಕಿನ ದೊಡ್ಡ ತೀರ್ಮಾನ ಕೇಳಿದರೆ ಸಿಗುವುದು ಆಯಾಸದ ಉತ್ತರ. ಬೆಳಗ್ಗೆ ಅದು ಬದಲಾದರೆ "ಮಾತಿಗೆ ನಿಲ್ಲಲ್ಲ ಇವಳು" ಅನ್ನುವ ಹೆಸರು ಬೇರೆ. ಫೋನನ್ನೂ ಶಾಲೆಯಿಂದ ಬಂದ ಕೂಡಲೇ ಮಾಡದೆ, ಸ್ನಾನ ಊಟ ಆದ ಮೇಲೆ, ಇಲ್ಲಿನ ರಾತ್ರಿ ಎಂಟೂವರೆಗೆ ಮಾಡುವುದು ಅಂತ ಆಯಿತು. ಸ್ಪೀಕರ್ ಬಂದ್.

ಎರಡನೆಯದು ಅವರ ಪಾಠ ಯೋಜನೆ ಪುಸ್ತಕದ ಅಂಚಿನಲ್ಲಿ, ಪ್ರತಿ ಪೀರಿಯಡ್ಡಿನ ಎದುರು ನಡೆದದ್ದನ್ನು ಒಂದು ಸಾಲು ಬರೆಯುವುದು. "ಒಳ್ಳೆಯ ದಿನ", "ಕೆಟ್ಟ ದಿನ" ಅಂತ ಬರೆಯುವ ಹಾಗಿಲ್ಲ. ಯಾಕೆಂದರೆ ಇಡೀ ದಿನಕ್ಕೆ ಒಂದು ಹೆಸರು ಕೊಟ್ಟ ಕೂಡಲೇ ಇಪ್ಪತ್ತು ನಿಮಿಷದ ಗಲಾಟೆ ಉಳಿದ ನಾಲ್ಕು ಗಂಟೆಯನ್ನು ನುಂಗುತ್ತದೆ. ಇದಕ್ಕೆ ಅವರು ಸುಲಭವಾಗಿ ಒಪ್ಪಿದರು. ಶಿಕ್ಷಕರಿಗೆ ಬರೆಯುವ ಕೆಲಸ ಕೊಟ್ಟರೆ ಮಾಡುತ್ತಾರೆ, ಸುಮ್ಮನೆ ಕೂತು ಉಸಿರು ನೋಡಿಕೊಳ್ಳಿ ಅಂದರೆ ಮಾಡುವುದಿಲ್ಲ. ಇದು ನನ್ನ ಅನುಭವ.

ಮೂರನೆಯ ಸಲಹೆಗೆ ಗದ್ದಲವಾಯಿತು. ತರಗತಿಯ ಖುಷಿಯ ಸುದ್ದಿಯನ್ನು ಮನೆಗೆ ಹೇಳಬೇಕು, ಅದರಲ್ಲೂ ಮಗನಿಗೆ ಹೇಳಬೇಕು ಅಂದೆ. ಅಜ್ಜಿ ಎದ್ದೇ ನಿಂತರು. "ಬೇರೆ ಹುಡುಗ್ರ ಜೊತೆ ಅಮ್ಮ ಆಡ್ತಾಳೆ ಅಂತ ಗೊತ್ತಾದ್ರೆ ಮಗೀಗೆ ಹೊಟ್ಟೆ ಉರಿಯಲ್ವಾ?" ಈ ಪ್ರಕರಣವನ್ನು ಹೆಸರು ಹೇಳದೆ ಚರ್ಚಿಸಿದಾಗ ನನ್ನ ಸಹೋದ್ಯೋಗಿಯೊಬ್ಬರೂ ಅದನ್ನೇ ಅಂದರು, ಮಗುವಿನ ಗಾಯಕ್ಕೆ ಖಾರ ಹಾಕಿದ ಹಾಗಲ್ಲವೇ ಅಂತ.

ಹೊಟ್ಟೆ ಉರಿಯಬಹುದು. ಉರಿಯಲಿ. ಆರು ವರ್ಷದ ಮಗುವಿಗೆ ಹೊಟ್ಟೆಕಿಚ್ಚು ಗೊತ್ತಿರುವ ಭಾವನೆ, ತಮ್ಮ ಹುಟ್ಟಿದಾಗಲೂ ಪಡುತ್ತದೆ, ಪಕ್ಕದ ಮನೆಯವನಿಗೆ ಸೈಕಲ್ ತಂದಾಗಲೂ ಪಡುತ್ತದೆ, ಅತ್ತು ರಂಪ ಮಾಡಿ ಹೊರಗೆ ಹಾಕುತ್ತದೆ. ಆದರೆ "ಅಮ್ಮ ನನ್ನ ಫೀಸಿಗಾಗಿ ಅಳುತ್ತಿದ್ದಾಳೆ" ಅನ್ನುವ ಭಾರವನ್ನು ಹೊರಗೆ ಹಾಕಲು ಆ ವಯಸ್ಸಿಗೆ ದಾರಿ ತಿಳಿಯುವುದಿಲ್ಲ. ಆ ಹುಡುಗ ಕಂಡುಕೊಂಡ ದಾರಿ ಶಾಲೆ ಬಿಡುವುದು. ಚಿಕ್ಕ ಮಕ್ಕಳು ದೊಡ್ಡವರ ದುಃಖಕ್ಕೆ ತಾವೇ ಕಾರಣ ಅಂತ ಬೇಗ ನಂಬಿಬಿಡುತ್ತವೆ, ಮನೆಯಲ್ಲಿ ಜಗಳವಾದರೂ ಹಾಗೇ, ಯಾರಾದರೂ ತೀರಿಕೊಂಡರೂ ಹಾಗೇ. ಅಮ್ಮ ದೂರ ಇದ್ದಾಳೆ, ಅದು ಬೇಸರದ ವಿಷಯ, ಆದರೆ ಅಮ್ಮ ಅಲ್ಲಿ ಗಟ್ಟಿಯಾಗಿದ್ದಾಳೆ, ಅವಳಿಗೆ ಅವಳ ಕೆಲಸ ಇಷ್ಟ ಅಂತ ಗೊತ್ತಾದರೆ ಆ ಹುಡುಗ ತನ್ನ ಬೇಸರವನ್ನಷ್ಟೇ ಹೊತ್ತರೆ ಸಾಕು. ಅಮ್ಮನದನ್ನೂ ಹೊರಬೇಕಿಲ್ಲ.

ಇನ್ನೂ ಒಂದಿದೆ, ಇದನ್ನು ಹೇಳುವಾಗ ನನ್ನ ದನಿ ಸ್ವಲ್ಪ ಏರುತ್ತದೆ, ಕ್ಷಮಿಸಿ. ನಮ್ಮೂರಿನಿಂದ ದುಬೈಗೆ ಹೋದ ಗಂಡಸರು ಎಷ್ಟು ಜನರಿಲ್ಲ? ಅವರು ಗೆಳೆಯರ ಜೊತೆ ಮರಳುಗಾಡಿನಲ್ಲಿ ಜೀಪಿನ ಮೇಲೆ ನಿಂತ ಫೋಟೊ ಹಾಕಿದರೆ ಅವರ ತಾಯಿ ಅದನ್ನು ಓಣಿಗೆಲ್ಲ ತೋರಿಸುತ್ತಾಳೆ. "ನಿನ್ನ ಮಗ ಇಲ್ಲಿ ಒಬ್ಬನೇ ಕೂತಿದ್ದಾನೆ" ಅಂತ ಯಾರೂ ಬರೆಯುವುದಿಲ್ಲ. ಹೆಂಗಸು ಹೋದರೆ ಅವಳು ಕಷ್ಟಪಡುತ್ತಿದ್ದಾಳೆ ಅನ್ನುವುದು ದಿನಾ ರುಜುವಾತಾಗಬೇಕು. ಸಾಲ ತೀರಿಸಲು ಹೋದವಳು ಅಸಲಿನ ಜೊತೆ ಕಣ್ಣೀರನ್ನೂ ಕಂತಿನಲ್ಲಿ ಕಟ್ಟಬೇಕು. ನಾನು ಕಂಡ ಇಂಥ ಪ್ರಕರಣಗಳಲ್ಲಿ ಸಂಜೆಯ ಅಳುವಿನ ದೊಡ್ಡ ಪಾಲು ಈ ಲೆಕ್ಕಕ್ಕೆ ಸೇರುತ್ತದೆ. ಮನೆಯವರು ಬೇಕೆಂದು ಕೇಳುತ್ತಾರೆ ಅಂತಲ್ಲ. ಕಷ್ಟ ಹೇಳಿದಾಗ "ಅಯ್ಯೋ ನನ್ನವ್ವ" ಅನ್ನುತ್ತಾರೆ, ಖುಷಿ ಹೇಳಿದಾಗ ಸುಮ್ಮನಾಗುತ್ತಾರೆ. ಯಾವುದಕ್ಕೆ ಉತ್ತರ ಸಿಗುತ್ತದೋ ಅದನ್ನೇ ಯಾರಾದರೂ ಹೇಳುತ್ತಾರೆ.

ತಾಯಿ ಮಗುವನ್ನು ಬಿಟ್ಟು ಹೋದದ್ದು ಸರಿಯೇ ಅಂತ ಕೇಳುವವರಿದ್ದಾರೆ. ಅದನ್ನು ತೀರ್ಪು ಹೇಳುವ ಕುರ್ಚಿ ನನ್ನದಲ್ಲ. ಅವರು ಹೋಗಿಯಾಗಿದೆ, ಮನೆಯವರೆಲ್ಲ ಕೂತು ಒಪ್ಪಿ ಕಳಿಸಿಯೂ ಆಗಿದೆ. ಮಗುವಿಗೆ ನಷ್ಟವೇ ಇಲ್ಲ ಅಂತ ನಾನು ಹೇಳುವುದಿಲ್ಲ. ನಷ್ಟ ಇದೆ. ಅದರ ಮೇಲೆ ಇನ್ನೊಂದು ನಷ್ಟ ಸೇರಿಸಬೇಡಿ ಅನ್ನುತ್ತೇನೆ.

ಹೇಗೆ ಹೇಳಬೇಕು ಅನ್ನುವುದನ್ನೂ ಕೂತು ಗೊತ್ತು ಮಾಡಿದೆವು. "ಅಲ್ಲಿನ ಮಕ್ಕಳು ಎಷ್ಟು ಜಾಣರು ಗೊತ್ತಾ, ನೀನು ಮಾತ್ರ" ಅನ್ನುವ ಹೋಲಿಕೆ ಬೇಡವೇ ಬೇಡ. ಊಟ ಆಯ್ತಾ, ಹೋಂವರ್ಕ್ ಆಯ್ತಾ, ಅಜ್ಜಿ ಮಾತು ಕೇಳಿದೆಯಾ ಅನ್ನುವ ತಪಾಸಣೆಯೂ ಬೇಡ, ಅದಕ್ಕೆ ಮಗ ಹೂಂ ಹೂಂ ಅಂದು ಫೋನ್ ಅಜ್ಜಿಗೆ ಕೊಟ್ಟು ಓಡುತ್ತಿದ್ದ. ಶನಿವಾರ ಮಧ್ಯಾಹ್ನ ಇಬ್ಬರೂ ಒಂದು ಕೆಲಸ ಒಟ್ಟಿಗೆ ಮಾಡಿ ಅಂದೆ. ಚೌಕಾಬಾರವೇ ಆಗಲಿ ಅಂತ ಅಜ್ಜಿಯೇ ಹೇಳಿದರು, ಸಿಟ್ಟಿನಲ್ಲಿದ್ದರೂ. ಅಟ್ಟದ ಮೇಲಿನ ಡಬ್ಬಿಯಲ್ಲಿ ಅವರ ಹಳೆಯ ಕವಡೆ ಇದ್ದವಂತೆ.

ಈಗ ಅಲ್ಲೊಂದು ಮನೆ, ಇಲ್ಲೊಂದು ಮನೆ ಬರೆದುಕೊಂಡು ವಿಡಿಯೊ ಕರೆಯಲ್ಲಿ ಆಡುತ್ತಾರೆ. ಒಬ್ಬರ ಕವಡೆ ಇನ್ನೊಬ್ಬರಿಗೆ ಸರಿಯಾಗಿ ಕಾಣುವುದಿಲ್ಲ, ನೆಟ್‌ವರ್ಕ್ ನಿಂತು ನಿಂತು ಬರುತ್ತದೆ, ಮಗ ಎರಡು ಬಿದ್ದರೂ ಎಂಟು ಅನ್ನುತ್ತಾನೆ. ಅಜ್ಜಿ ಪಂಚಾಯ್ತಿ ಮಾಡುತ್ತಾರೆ. ಒಂದು ಶನಿವಾರ ಅವನು "ಆ ಎಂಟು ಹಾಕಿದ ಹುಡುಗ ನನ್ನ ಜೊತೆ ಆಡ್ತಾನಾ?" ಅಂತ ಕೇಳಿದನಂತೆ. ಇನ್ನೊಂದು ಶನಿವಾರ "ಅವರಿಗೆ ಕಲಿಸ್ಬೇಡ, ನಂಗೆ ಮಾತ್ರ ಕಲಿಸು" ಅಂತ ಹಲಗೆ ಒದ್ದು ಹೋದನಂತೆ. ಎರಡನ್ನೂ ಶಿಕ್ಷಕಿ ಪುಸ್ತಕದ ಅಂಚಿನಲ್ಲಿ ಬರೆದಿದ್ದಾರೆ.

ಕ್ಯಾಲೆಂಡರಿನ ಸುತ್ತು ಪೂರ್ತಿ ನಿಂತಿಲ್ಲ. ಕಡಿಮೆಯಾಗಿದೆ. ನಿಲ್ಲಲೇಬೇಕು ಅಂತ ನಾನು ಹೇಳಿಲ್ಲ ಕೂಡ, ಮಗಳು ತಾಯಿಯ ಹತ್ತಿರ ಅಳದೆ ಇನ್ಯಾರ ಹತ್ತಿರ ಅಳಬೇಕು? ಸುತ್ತು ಹಾಕುವುದಾದರೆ ಆ ದಿನ ನಡೆದ ಇನ್ನೊಂದು ಸಂಗತಿಯನ್ನೂ ಕೇಳಿ ಪಕ್ಕದಲ್ಲಿ ಬರೆಯಿರಿ ಅಂದೆ. ಕೆಲವೊಮ್ಮೆ ಬರೆಯುತ್ತಾರೆ.

ಇಂಥದೇ ಸ್ಥಿತಿಯಲ್ಲಿರುವವರಿಗೆ ಎರಡು ಮಾತು. ಏರಿಳಿತ ಬೇರೆ, ಕಾಯಿಲೆ ಬೇರೆ. ಎರಡು ವಾರಕ್ಕೂ ಮೀರಿ ದಿನದ ಬಹುಪಾಲು ಮನಸ್ಸು ಕುಗ್ಗಿಯೇ ಇದ್ದರೆ, ನಿದ್ದೆ ಕೆಟ್ಟರೆ, ಇಷ್ಟವಾಗಿದ್ದ ತರಗತಿಯೂ ಬೇಡವಾದರೆ, ಸಾಯುವ ಯೋಚನೆ ಬಂದರೆ, ಚೌಕಾಬಾರ ಸಾಲದು, ಮನೋವೈದ್ಯರನ್ನು ಕಾಣಬೇಕು. ಇಲ್ಲಿರುವ ಮನೆಯವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಕೊಡಬೇಕಿಲ್ಲ. ಅಲ್ಲಿರುವವರು ಶಾಲೆಗೆ ಹೇಳಿ ದ್ವೀಪದ ಆರೋಗ್ಯ ಕೇಂದ್ರಕ್ಕೆ ಮೊದಲು ಹೋಗಬೇಕು, "ಮನೆಗೆ ಬಂದಮೇಲೆ ನೋಡೋಣ" ಅಂತ ಮುಂದೂಡಬಾರದು.

ಹೊರಡುವ ಮುಂಚೆಯೇ ನನ್ನ ಹತ್ತಿರ ಬರುವ ಕೆಲವರಿಗೆ ನಾನು ಮನಸ್ಸಿನ ವಿಷಯಕ್ಕಿಂತ ಮೊದಲು ಕಾಗದದ ವಿಷಯ ಕೇಳುತ್ತೇನೆ. ಆಪ್ತಸಲಹೆಗಾರ್ತಿಗೆ ಇದೆಲ್ಲ ಯಾಕೆ ಅನ್ನಬೇಡಿ. ಅಲ್ಲಿ ಹೋಗಿ ಸಿಕ್ಕಿಹಾಕಿಕೊಂಡವರ ಆತಂಕಕ್ಕೆ ಅರ್ಧ ಪಾಲು ಕಾರಣ ಓದದೆ ಸಹಿ ಹಾಕಿದ ಒಪ್ಪಂದ. ಹೊರದೇಶದ ಕೆಲಸಕ್ಕೆ ಜನರನ್ನು ಕಳಿಸುವ ಏಜೆಂಟರು 1983ರ ವಲಸೆ ಕಾಯ್ದೆಯಡಿ ನೋಂದಣಿ ಮಾಡಿಸಿರಬೇಕು, ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಅವರ ಹೆಸರು ಹುಡುಕಿ ನೋಡಬಹುದು. ಅವರು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಲಕ್ಷಗಟ್ಟಲೆ ಕೇಳಿದವರಿಗೆ ಚಿನ್ನ ಅಡವಿಟ್ಟು ಕೊಟ್ಟವರನ್ನು ನೋಡಿದ್ದೇನೆ. ರೂಮಿನ ಬಾಡಿಗೆ ಯಾರದು, ರಜೆಗೆ ಬರುವ ಟಿಕೆಟ್ ಯಾರದು, ನಡುವೆ ಬಿಟ್ಟರೆ ಎಷ್ಟು ದಿನದ ನೋಟಿಸು, ಪಾಸ್‌ಪೋರ್ಟ್ ಯಾರ ಕೈಯಲ್ಲಿ, ಸಂಬಳ ಮಾಲ್ಡೀವ್ಸ್‌ನ ಹಣ ರುಫಿಯಾದಲ್ಲಿ ಬಂದರೆ ಮನೆಗೆ ಕಳಿಸಲು ಡಾಲರ್ ಸಿಗುವ ವ್ಯವಸ್ಥೆ ಏನು, ಇಷ್ಟನ್ನು ಕೇಳಿ ಬರೆಸಿಕೊಳ್ಳಿ. ಬಾಗಿಲು ಎಲ್ಲಿದೆ ಅಂತ ಗೊತ್ತಿರುವವರು ಒಳಗೆ ಸ್ವಲ್ಪ ನೆಮ್ಮದಿಯಿಂದ ಕೂರುತ್ತಾರೆ.

ಈ ಶಿಕ್ಷಕಿಯ ಒಪ್ಪಂದದ ತಾರೀಕು ಹತ್ತಿರ ಬರುತ್ತಿದೆ. ದಾವಣಗೆರೆಯ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ, ಅದಕ್ಕಾದರೂ ಬರಬೇಕು ಅನ್ನುವುದು ತಾಯಿಯ ಹಟ. ಸಾಲ ಪೂರ್ತಿ ತೀರಲು ಇನ್ನೊಂದು ವರ್ಷ ಬೇಕು ಅನ್ನುವುದು ಮಗಳ ಲೆಕ್ಕ. ಮಗನನ್ನು ರಜೆಯಲ್ಲಿ ಅಲ್ಲಿಗೆ ಕರೆಸಿಕೊಳ್ಳಬಹುದೇ ಅಂತಲೂ ವಿಚಾರಿಸುತ್ತಿದ್ದಾರೆ. ತೀರ್ಮಾನದ ದಿನ ಗಂಡನೂ ಎದುರಿಗೆ ಕೂತಿರಬೇಕು, ಬೋರ್ ಕೊರೆಸಿದ ಸಾಲದ ಪೂರ್ತಿ ಲೆಕ್ಕ ಅವರೇ ತರಬೇಕು ಅಂತ ನಾನು ಹೇಳಿಕಳಿಸಿದ್ದೇನೆ. ಅವರು ಇನ್ನೂ ಬಂದಿಲ್ಲ.